ರೊಕ್ಕ ಇಲ್ಲದ ತಿಂಗಳು ದಾಟೋದು ಹೇಗೆ: ನಮ್ಮ ಓಣಿಯ ಲೆಕ್ಕ

ಮೊದಲ ತಪ್ಪು ನಾನೇ ಮಾಡಿದ್ದು. ಹುಬ್ಬಳ್ಳಿಯ ಗೋಕುಲ ರೋಡಿನ ಕಡೆ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನಮ್ಮ ಮನೆಯವರ ಕೆಲಸ ಹೋದಾಗ ಮೂರು ವಾರ ಯಾರಿಗೂ ಹೇಳಲಿಲ್ಲ. ಅವರು ಬೆಳಿಗ್ಗೆ ಎಂಟಕ್ಕೆ ಬುತ್ತಿ ಕಟ್ಟಿಸಿಕೊಂಡು ಹೊರಡುತ್ತಿದ್ದರು, ಉಣಕಲ್ ಕೆರೆ ದಂಡೆಯ ಮೇಲೆ ಕೂತು ಸಂಜೆ ಮನೆಗೆ ಬರುತ್ತಿದ್ದರು. ನಾನು ಕಿರಾಣಿ ಅಂಗಡಿಯಿಂದ ಮೊದಲಿನಷ್ಟೇ ಸಾಮಾನು ಉದ್ರಿ ತರುತ್ತಿದ್ದೆ, ಯಾಕಂದ್ರೆ ಕಡಿಮೆ ತಂದರೆ ಅಂಗಡಿ ಕಾಕಾಗೆ ಗೊತ್ತಾಗಿಬಿಡುತ್ತೆ ಅಂತ ಹೆದರಿಕೆ. ಕಾಕಾಗೆ ಎರಡನೇ ವಾರಕ್ಕೇ ಗೊತ್ತಾಗಿತ್ತಂತೆ. ಸುಮ್ನೆ ಇದ್ದರು ಅಷ್ಟೇ. ಆ ಮೂರು ವಾರದ ಉದ್ರಿ ತೀರಿಸೋಕೆ ನಮಗೆ ಐದು ತಿಂಗಳು ಬೇಕಾಯಿತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಎಲ್ಲರೂ ಹೇಳ್ತಾರೆ. ಹಾಸಿಗೆನೇ ಇಲ್ಲದಾಗ ಪಕ್ಕದ ಮನೆಯವರ ಹತ್ತಿರ ಚಾಪೆ ಹೇಗೆ ಕೇಳಬೇಕು ಅಂತ ಯಾರೂ ಹೇಳಿಕೊಡೋದಿಲ್ಲ. ನಾನು ಬರೆಯೋದು ಹೆಚ್ಚಾಗಿ ಆ ಚಾಪೆ ವಿಷಯ.

ಮೊದಲು ಬಾಯಿ ಬಿಡಿ

ಸಂಬಳ ನಿಂತ ಮೊದಲ ವಾರದಲ್ಲೇ ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಿ. ಮಕ್ಕಳಿಗೂ ಹೇಳಿ. ಎಂಟು ಹತ್ತು ವರ್ಷದ ಮಕ್ಕಳಿಗೆ ಎಲ್ಲ ಗೊತ್ತಾಗುತ್ತೆ, ನಾವು ಹೇಳದಿದ್ದರೆ ಅವು ಇನ್ನೂ ಕೆಟ್ಟದ್ದೇನೋ ಊಹೆ ಮಾಡಿಕೊಂಡು ಹೆದರುತ್ತವೆ. ನಮ್ಮ ಮಗಳಂತೂ ಅಪ್ಪ ಅವ್ವ ಜಗಳ ಮಾಡಿಕೊಂಡಿದ್ದಾರೆ ಅಂತ ತಿಳಿದಿದ್ದಳು. ವಿಷಯ ಕೇಳಿ, "ಇಷ್ಟೇನಾ?" ಅಂದಳು.

ಆಮೇಲೆ ಯಾರಿಗೆ ಕೊಡೋದಿದೆಯೋ ಅವರ ಹತ್ತಿರ ಹೋಗಿ. ಹಾಲಿನವರು, ಕಿರಾಣಿ, ಮನೆ ಮಾಲಕರು, ಶಾಲೆ. ಕೊಡಬೇಕಾದ ತಾರೀಖಿನ ಮೊದಲೇ ಹೋಗಬೇಕು. ತಾರೀಖು ದಾಟಿದ ಮೇಲೆ ಹೋದರೆ ನೀವು ತಪ್ಪಿಸಿಕೊಂಡು ತಿರುಗುವವರು, ಮೊದಲೇ ಹೋದರೆ ಕಷ್ಟದಲ್ಲಿರುವವರು. ಹೋದಾಗ "ನೋಡ್ತೀನ್ರಿ, ಮಾಡ್ತೀನ್ರಿ" ಅನ್ನಬೇಡಿ. ಒಂದು ಮೊತ್ತ ಹೇಳಿ, ಒಂದು ದಿನ ಹೇಳಿ. ನಾನು ಹೇಳಿದ್ದು ಹೀಗೆ: "ಕಾಕಾ, ಈ ತಿಂಗಳ 600 ಕೊಡ್ತೀನ್ರಿ, ಉಳಿದದ್ದು ಪಂಚಮಿ ಮುಗಿದ ಮ್ಯಾಲೆ. ಅಲ್ಲಿತನಾ ಬ್ಯಾಳಿ, ಎಣ್ಣಿ, ಉಪ್ಪು ಅಷ್ಟ ಒಯ್ತೀನಿ." ಆ 600 ಹೇಗಾದರೂ ಮಾಡಿ ಹೇಳಿದ ದಿನವೇ ಕೊಡಬೇಕು. ಒಂದು ಸಲ ಮಾತು ಉಳಿಸಿಕೊಂಡರೆ ಮುಂದಿನ ಮೂರು ತಿಂಗಳು ಜನ ಕಾಯುತ್ತಾರೆ.

ಬಾಡಿಗೆ ವಿಷಯದಲ್ಲಿ ಒಂದು ದಾರಿ ಇದೆ, ಬಹಳ ಜನಕ್ಕೆ ನೆನಪಾಗೋದಿಲ್ಲ. ಮನೆಗೆ ಬರುವಾಗ ಡಿಪಾಜಿಟ್ ಕೊಟ್ಟಿರುತ್ತೀರಲ್ಲ, ಅದರಲ್ಲಿ ಎರಡು ತಿಂಗಳ ಬಾಡಿಗೆ ಮುರಿದುಕೊಳ್ಳಿ, ಕೆಲಸ ಸಿಕ್ಕ ಮೇಲೆ ಮತ್ತೆ ತುಂಬಿಸ್ತೀನಿ ಅಂತ ಕೇಳಿ ನೋಡಿ. ಎಲ್ಲರೂ ಒಪ್ಪೋದಿಲ್ಲ. ನಮ್ಮವರು ಒಂದು ತಿಂಗಳಿಗೆ ಒಪ್ಪಿದರು. ಒಪ್ಪಿದ್ದನ್ನು ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ಮುಂದೆ ಮನೆ ಬಿಡುವಾಗ ತಕರಾರು ಬೇಡ.

ನೋಟ್‌ಬುಕ್ಕು, ಮತ್ತೆ ತೂತುಗಳು

ಒಂದು ನೋಟ್‌ಬುಕ್ ತಗೊಂಡು ಒಂದು ತಿಂಗಳು ಎಲ್ಲವನ್ನೂ ಬರೆಯಿರಿ. ಐದು ರೂಪಾಯಿ ಚಹಾನೂ ಬರೆಯಿರಿ. ಮೊದಲ ತಿಂಗಳು ಏನನ್ನೂ ಕಡಿಮೆ ಮಾಡೋಕೆ ಹೋಗಬೇಡಿ, ಸುಮ್ನೆ ಬರೆಯಿರಿ ಸಾಕು. ಬರೆಯೋಕೆ ನಾಚಿಕೆ ಆಗೋ ಖರ್ಚೇ ತೂತು.

ನಮ್ಮ ಮನೆಯಲ್ಲಿ ಮೂರು ತೂತು ಸಿಕ್ಕವು. ಮೂರು ಫೋನಿಗೆ ಮೂರು ಡೇಟಾ ಪ್ಯಾಕ್. ಟಿವಿ ಕಂತು. ಇನ್ನೊಂದು ಸಂಜೆಯ ಮಿರ್ಚಿ ಭಜಿ. ದಿನಾ ಸಂಜೆ 40 ರೂಪಾಯಿ, ತಿಂಗಳಿಗೆ 25 ದಿನ ಅಂದರೂ 1,000. ನಗಬೇಡಿ, ಹುಬ್ಬಳ್ಳಿಯಲ್ಲಿ ಇದ್ದುಕೊಂಡು ಸಂಜೆ ಐದಕ್ಕೆ ಕಾಯ್ದ ಎಣ್ಣೆಯ ವಾಸನೆ ದಾಟಿಕೊಂಡು ಮನೆಗೆ ಬರೋದು ಸಣ್ಣ ಕೆಲಸ ಅಲ್ಲ! ಪೂರ್ತಿ ಬಿಟ್ಟರೆ ಮನೆಯಲ್ಲಿ ಎಲ್ಲರ ಮುಖ ಗಂಟು ಹಾಕುತ್ತೆ, ಹದಿನೈದು ದಿನಕ್ಕೆ ಲೆಕ್ಕ ಬರೆಯೋದೂ ನಿಂತುಹೋಗುತ್ತೆ. ಹಾಗಾಗಿ ಶನಿವಾರ ಮನೆಯಲ್ಲೇ ಗಿರ್ಮಿಟ್ ಅಂತ ಗೊತ್ತು ಮಾಡಿದೆವು. ಚುರುಮುರಿ, ಉಳ್ಳಾಗಡ್ಡಿ, ಟೊಮೆಟೊ, ಒಂದಿಷ್ಟು ಹುಣಸೆಹುಳಿ, ಮೇಲೆ ಪುಠಾಣಿ ಹಿಟ್ಟು. ಐದು ಜನಕ್ಕೆ ಹೊಟ್ಟೆ ತುಂಬುತ್ತೆ. ವಾರಕ್ಕೆ ಒಂದು ಸುಖ ಇಟ್ಟುಕೊಳ್ಳಿ, ಅದರ ಮೇಲೆ ಕತ್ತರಿ ಆಡಿಸಬೇಡಿ.

ಅಡುಗೆಮನೆ

ಉಳಿತಾಯ ನಿಜವಾಗಿ ಆಗೋದು ಇಲ್ಲಿ. ನಮ್ಮ ಕಡೆಯವರಿಗೆ ಇದು ಹೊಸದೂ ಅಲ್ಲ, ನಡುವೆ ಮರೆತದ್ದು ಅಷ್ಟೇ.

ಜೋಳದಿಂದ ಶುರು ಮಾಡಿ. ಹಿಂಗಾರಿ ಜೋಳ ಸುಗ್ಗಿಯಾಗಿ ಬರೋದು ಫೆಬ್ರವರಿ ಮಾರ್ಚ್ ಹೊತ್ತಿಗೆ. ಆಗ ಧಾರಣೆ ಇಳಿದಿರುತ್ತೆ. ಒಬ್ಬರಿಗೆ ಒಂದು ಚೀಲ ಕೊಳ್ಳೋ ತಾಕತ್ತು ಇರೋದಿಲ್ಲ, ಐದು ಮನೆ ಸೇರಿದರೆ ಇರುತ್ತೆ. ನಾವು ಐದು ಮನೆಯವರು ಸೇರಿ ಅಮರಗೋಳದ ಎಪಿಎಂಸಿಯಿಂದ ಚೀಲಗಟ್ಟಲೆ ತಂದು, ಆಟೋ ಕಾಕಾ ಅವರ ಗಾಡಿಯಲ್ಲಿ ಹಾಕಿಕೊಂಡು ಬಂದು, ಓಣಿಯ ಕಟ್ಟೆ ಮೇಲೆ ತಕ್ಕಡಿ ಇಟ್ಟು ಹಂಚಿಕೊಂಡೆವು. ತಂದ ಜೋಳವನ್ನು ಎರಡು ಮೂರು ದಿನ ಬಿಸಿಲಿಗೆ ಹಾಕಿ. ಬಿಸಿ ಇರುವಾಗಲೇ ಡಬ್ಬಿಗೆ ತುಂಬಬೇಡಿ, ಒಳಗೆ ಬೆವರಿ ಬೂಸು ಹಿಡಿಯುತ್ತೆ. ರಾತ್ರಿ ಆರಲು ಬಿಟ್ಟು ಬೆಳಿಗ್ಗೆ ತುಂಬಿ, ನಡುನಡುವೆ ಒಣಗಿದ ಬೇವಿನ ಎಲೆ ಹಾಕಿ. ಹಿಟ್ಟು ಮಾತ್ರ ವಾರಕ್ಕೆ ಆಗೋವಷ್ಟೇ ಬೀಸಿಸಿ. ಹಳೇ ಹಿಟ್ಟಿಗೆ ಜಿಗಿ ಇರೋದಿಲ್ಲ, ರೊಟ್ಟಿ ಬಡಿಯುವಾಗ ಅಂಚು ಹರಿಯುತ್ತೆ, ಹರಿದ ರೊಟ್ಟಿ ನಮ್ಮ ಮನೆಯಲ್ಲಿ ಯಾರ ತಾಟಿಗೆ ಬೀಳುತ್ತೆ ಅಂತ ಕೇಳಬೇಡಿ.

ಒಂದು ಕಿಲೋ ಹಿಟ್ಟಿಗೆ ನಮ್ಮ ಕೈಯಲ್ಲಿ 18-20 ರೊಟ್ಟಿ ಆಗುತ್ತವೆ. ದಿನಾ ಪ್ರತಿ ಮನೆಯಲ್ಲೂ ಹಂಚು ಕಾಯಿಸಿ ಹತ್ತು ಹತ್ತು ರೊಟ್ಟಿ ಮಾಡೋ ಬದಲು, ಎದುರು ಮನೆ ವೈನಿ ಮತ್ತೆ ನಾನು ವಾರಕ್ಕೆ ಎರಡು ದಿನ ಸೇರಿ ಕೂತು ಮಾಡುತ್ತೇವೆ. ಒಬ್ಬರು ಬಡಿಯೋದು, ಒಬ್ಬರು ಬೇಯಿಸೋದು. ಹಂಚು ಕಾಯಿಸೋ ಗ್ಯಾಸು ಒಂದೇ ಸಲ ಖರ್ಚಾಗುತ್ತೆ. ಅರ್ಧ ಮೆತ್ತಗೆ ತಿನ್ನೋಕೆ, ಅರ್ಧ ಕಟಕ ರೊಟ್ಟಿ. ಚೆನ್ನಾಗಿ ಒಣಗಿಸಿದ ಕಟಕ ರೊಟ್ಟಿ ಗಾಳಿ ಆಡದ ಡಬ್ಬಿಯಲ್ಲಿ ವಾರಗಟ್ಟಲೆ ಇರುತ್ತೆ. ಮನೆಯಲ್ಲಿ ಒಂದು ಡಬ್ಬಿ ಕಟಕ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಪುಡಿ, ಇನ್ನೊಂದರಲ್ಲಿ ಅಗಸಿ ಅಥವಾ ಗುರೆಳ್ಳು ಚಟ್ನಿ ಇದ್ದರೆ ಯಾವ ರಾತ್ರಿಯೂ ಉಪವಾಸ ಮಲಗಬೇಕಾಗಿಲ್ಲ. ಒಲೆನೂ ಹಚ್ಚಬೇಕಾಗಿಲ್ಲ.

ಕಾಳು ಬಿಡಬೇಡಿ. ರೊಕ್ಕ ಕಡಿಮೆ ಆದಾಗ ಜನ ಮೊದಲು ಬಿಡೋದು ಬೇಳೆ ಕಾಳು, ಅನ್ನ ಸಾರಲ್ಲೇ ಹೊಟ್ಟೆ ತುಂಬಿಸಿಕೊಳ್ಳೋಣ ಅಂತಾರೆ. ಅದು ತಪ್ಪು. ಜೋಳದಲ್ಲಿ ಲೈಸಿನ್ ಅನ್ನೋ ಅಂಶ ಕಡಿಮೆ, ಅದು ಇಲ್ಲದಿದ್ದರೆ ಪ್ರೋಟೀನು ಪೂರ್ತಿಯಾಗಿ ಮೈಗೆ ಹತ್ತೋದಿಲ್ಲ. ಕಾಳಿನಲ್ಲಿ ಅದು ಬೇಕಾದಷ್ಟಿದೆ. ರೊಟ್ಟಿ ಜೊತೆ ಮಡಕಿ ಕಾಳಿನ ಉಸುಳಿಯನ್ನೋ ಝುಣಕವನ್ನೋ ಹಾಕಿಕೊಂಡು ಬಂದ ನಮ್ಮ ಅಜ್ಜಿಯರಿಗೆ ಆ ಹೆಸರು ಗೊತ್ತಿರಲಿಲ್ಲ, ಊಟ ಮಾತ್ರ ಸರಿಯಾಗೇ ಇತ್ತು. ತೊಗರಿ ಬೇಳೆ ತುಟ್ಟಿ ಆದಾಗ ಮಡಕಿ, ಹೆಸರು, ಅಲಸಂದಿ ಕಡೆ ತಿರುಗಿ. ರಾತ್ರಿ ನೆನೆ ಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿಡಿ, ಮೊಳಕೆ ಒಡೆದರೆ ಒಂದು ವಾಟಗಾ ಕಾಳು ಎರಡೂವರೆ ವಾಟಗಾ ಆಗುತ್ತೆ. ಬೇಗ ಬೇಯುತ್ತೆ, ಗ್ಯಾಸೂ ಉಳಿಯುತ್ತೆ. ಅಂದಹಾಗೆ, ಹೊಸ ಸಿಲಿಂಡರ್ ಹಚ್ಚಿದ ದಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆಯಿರಿ. ಮುಂದಿನ ಸಲ ನಾಲ್ಕು ದಿನ ಜಾಸ್ತಿ ಬರಬೇಕು ಅಂತ ಮನೆಯಲ್ಲಿ ಒಂದು ಹಟ ಹುಟ್ಟುತ್ತೆ.

ತರಕಾರಿಗೆ ಸಂತೆ ಮುಗಿಯೋ ಹೊತ್ತಿಗೆ ಹೋಗಿ. ಸೊಪ್ಪು ಮಾರುವವರು ಉಳಿದ ಕಟ್ಟು ಹೊತ್ತುಕೊಂಡು ಊರಿಗೆ ಹೋಗಲ್ಲ, ದೀಪ ಹಚ್ಚೋ ಹೊತ್ತಿಗೆ ಎರಡು ಕಟ್ಟಿನ ದುಡ್ಡಿಗೆ ಮೂರು ಕೊಡುತ್ತಾರೆ. ಆದರೆ ಅವರ ಹತ್ತಿರ ಗಂಟೆಗಟ್ಟಲೆ ಚೌಕಾಸಿ ಮಾಡಬೇಡಿ, ಅವರದೂ ನಮ್ಮ ತರಹದ್ದೇ ತಿಂಗಳು ಇರಬಹುದು. ಪುಂಡಿ, ರಾಜಗಿರಿ, ಮೆಂತ್ಯ, ಕಿರಕಸಾಲಿ, ಯಾವುದು ಅಗ್ಗವೋ ಅದು. ಹಕ್ಕರಕಿಯನ್ನಂತೂ ಬೇಯಿಸೋದೇ ಬೇಡ, ತೊಳೆದು ರೊಟ್ಟಿ ಜೊತೆ ಹಸಿಯಾಗೇ ತಿಂದರಾಯಿತು. ರಾತ್ರಿಗೆ ಜೋಳದ ನುಚ್ಚು, ಮಜ್ಜಿಗೆ. ಬೇಸಿಗೆಯಲ್ಲಿ ಅಂಬಲಿ.

ಒಣ ಮೆಣಸಿನಕಾಯಿ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು, ನನ್ನ ತವರು ಹಾವೇರಿ ಕಡೆ. ಬ್ಯಾಡಗಿ ಮಾರ್ಕೆಟ್ಟಿಗೆ ಹೊಸ ಕಾಯಿ ಜೋರಾಗಿ ಬರೋದು ಜನವರಿಯಿಂದ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕ ಕಾಯಿ ಅದು, ಬಣ್ಣ ಗಾಢ, ಖಾರ ಕಡಿಮೆ. ಡಬ್ಬಿ ಕಾಯಿ ದಪ್ಪ, ಕಡ್ಡಿ ಕಾಯಿ ತೆಳ್ಳಗೆ ಉದ್ದ. ವರ್ಷದ ಖಾರಪುಡಿಯನ್ನು ಪೂರ್ತಿ ಬ್ಯಾಡಗಿಯಲ್ಲೇ ಮಾಡಿದರೆ ಖಾರ ಸಾಲದೆ ಎರಡು ಚಮಚ ಹಾಕೋ ಕಡೆ ಮೂರು ಹಾಕುತ್ತೀರಿ, ಪುಡಿ ಬೇಗ ಮುಗಿಯುತ್ತೆ. ಹಾಗಾಗಿ ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಸೇರಿಸಿ. ನಾವು ಎರಡು ಪಾಲು ಬ್ಯಾಡಗಿಗೆ ಒಂದು ಪಾಲು ಗುಂಟೂರು ಹಾಕುತ್ತೇವೆ. ಐದು ಮನೆಯದು ಒಟ್ಟಿಗೆ ತಂದು, ಒಂದೇ ಅಂಗಳದಲ್ಲಿ ಒಣಗಿಸಿ, ಒಂದೇ ದಿನ ಗಿರಣಿಗೆ ಒಯ್ಯುತ್ತೇವೆ. ಆ ದಿನ ಇಡೀ ಓಣಿ ಸೀನುತ್ತೆ.

ಇನ್ನು ಎಲ್ಲಿ ಕಡಿಮೆ ಮಾಡಬಾರದು ಅಂತ ಹೇಳಿಬಿಡುತ್ತೇನೆ. ಬಸುರಿ ಬಾಣಂತಿಯರ ಊಟ, ಸಣ್ಣ ಮಕ್ಕಳ ಹಾಲು ಮೊಟ್ಟೆ, ಬಿಪಿ ಶುಗರ್ ಮಾತ್ರೆ. ಮಾತ್ರೆ ದಿನ ಬಿಟ್ಟು ದಿನ ನುಂಗಿ ಉಳಿಸಿದ ನೂರು ರೂಪಾಯಿ ಆಮೇಲೆ ಆಸ್ಪತ್ರೆಯಲ್ಲಿ ಸಾವಿರಗಟ್ಟಲೆ ಆಗಿ ಹೋಗುತ್ತೆ. ಅಂಗನವಾಡಿಯ ಊಟ, ಸರ್ಕಾರಿ ಶಾಲೆಯ ಬಿಸಿಯೂಟ ಮಕ್ಕಳ ಹಕ್ಕು. "ನಮ್ಮ ಹುಡುಗಿ ಶಾಲ್ಯಾಗ ಉಣ್ಣಂಗಿಲ್ಲ" ಅನ್ನೋ ಜಂಬ ನನಗೂ ಇತ್ತು. ಬಿಟ್ಟೆ. ಹುಬ್ಬಳ್ಳಿಗೆ ಕೆಲಸ ಹುಡುಕಿಕೊಂಡು ಬಂದ ದಿನ ಸಿದ್ಧಾರೂಢ ಮಠದಲ್ಲಿ ಪ್ರಸಾದ ಉಂಡು ಹೋದರೂ ಅದರಲ್ಲಿ ನಾಚಿಕೆ ಪಡೋದೇನಿಲ್ಲ. ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ನಾಷ್ಟಾ, 10 ರೂಪಾಯಿಗೆ ಊಟ ಇದೆ.

ಸಾಲ ಮಾಡಲೇಬೇಕು ಅಂದ್ರೆ

ಸಾಲ ಮಾಡಬೇಡಿ ಅಂತ ನಾನು ಹೇಳೋದಿಲ್ಲ. ಆಸ್ಪತ್ರೆ ಬಾಗಿಲಲ್ಲಿ ನಿಂತವರಿಗೆ ಆ ಮಾತು ಯಾವ ಉಪಯೋಗಕ್ಕೂ ಬರೋದಿಲ್ಲ. ಯಾರ ಹತ್ತಿರ ಮೊದಲು, ಯಾರ ಹತ್ತಿರ ಕೊನೆಗೆ ಅನ್ನೋದನ್ನ ಮಾತ್ರ ಮೊದಲೇ ಗೊತ್ತು ಮಾಡಿಕೊಳ್ಳಿ.

ಮೊದಲು ನಿಮ್ಮದೇ ಪಿಗ್ಮಿ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ದಿನಕ್ಕೆ ಎರಡಾಣೆ ಅಂತ ಶುರು ಮಾಡಿದ್ದು ಈಗ ನಮ್ಮ ಕಡೆ ಪ್ರತಿ ಸೊಸೈಟಿಯಲ್ಲೂ ಇದೆ. ದಿನಾ 20 ರೂಪಾಯಿ ಕಟ್ಟಿದರೂ ವರ್ಷಕ್ಕೆ 7,300. ಅವಧಿಗೆ ಮುಂಚೆ ತೆಗೆದರೆ ಒಂದಿಷ್ಟು ಮುರಿದುಕೊಳ್ಳುತ್ತಾರೆ, ಆದರೂ ಸಾಲದ ಬಡ್ಡಿಗಿಂತ ಅದು ಮೇಲು. ಕಟ್ಟಿದ ದಿನವೇ ರಸೀದಿ ಕೇಳಿ ಇಸ್ಕೊಳ್ಳಿ. ಆಮೇಲೆ ನಿಮ್ಮ ಸ್ವಸಹಾಯ ಸಂಘ. ಅಲ್ಲಿ ನೂರಕ್ಕೆ ತಿಂಗಳಿಗೆ ಒಂದೋ ಎರಡೋ ಬಡ್ಡಿ ಇರುತ್ತೆ, ಕಟ್ಟಿದ ಬಡ್ಡಿ ಸಂಘದಲ್ಲೇ ಉಳಿಯುತ್ತೆ. ಅದೂ ಸಾಲದಿದ್ದರೆ ಬ್ಯಾಂಕಿನಲ್ಲೋ ಸಹಕಾರಿ ಸಂಘದಲ್ಲೋ ಬಂಗಾರದ ಸಾಲ. ಬಂಗಾರ ಅಡವಿಟ್ಟರೆ ಮರ್ಯಾದೆ ಹೋಯಿತು ಅಂದುಕೊಳ್ಳೋರು ಇದ್ದಾರೆ. ಪೆಟ್ಟಿಗೆಯಲ್ಲಿ ಬಂಗಾರ ಇಟ್ಟುಕೊಂಡು ಹೊರಗೆ ಮೀಟರ್ ಬಡ್ಡಿ ಕಟ್ಟೋದು ಯಾವ ಮರ್ಯಾದೆ ಹೇಳಿ?

ಮೀಟರ್ ಬಡ್ಡಿ ಲೆಕ್ಕ ಮಾಡಿ ನೋಡಿ. ನೂರಕ್ಕೆ ತಿಂಗಳಿಗೆ ಐದು ಅಂದರೆ ಕೇಳೋಕೆ ಸಣ್ಣದು. 10,000ಕ್ಕೆ ತಿಂಗಳಿಗೆ 500, ವರ್ಷಕ್ಕೆ 6,000, ಅಸಲು ಹಾಗೇ ಕೂತಿರುತ್ತೆ. ಅದೇ 10,000 ವರ್ಷಕ್ಕೆ ನೂರಕ್ಕೆ ಹತ್ತರಂತೆ ತಗೊಂಡರೆ ಬಡ್ಡಿ 1,000 ಅಷ್ಟೇ.

ಈ ಲೆಕ್ಕ ನಮ್ಮ ಕಡೆಯ ಜನಕ್ಕೆ ನೂರು ವರ್ಷದ ಹಿಂದೆಯೇ ಅರ್ಥ ಆಗಿತ್ತು. ಗದಗ ಹತ್ತಿರ ಕಣಗಿನಹಾಳ ಅಂತ ಊರಿದೆ. 1905ರಲ್ಲಿ ಆ ಊರಿನ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಸೇರಿಸಿ ಸಹಕಾರಿ ಪತ್ತಿನ ಸಂಘ ಕಟ್ಟಿದರು, ಏಷ್ಯಾದಲ್ಲೇ ಮೊದಲನೆಯದು ಅಂತ ಹೆಸರಾದ ಸಂಘ ಅದು. ಸಹಕಾರ ಸಂಘಗಳ ಕಾಯ್ದೆ ಬಂದದ್ದು 1904ರಲ್ಲಿ, ಒಂದು ವರ್ಷಕ್ಕೆಲ್ಲ ಇವರದು ತಯಾರು! ಒಬ್ಬೊಬ್ಬರೇ ಹೋದರೆ ಸಾಹುಕಾರ ಹೇಳಿದ್ದೇ ಬಡ್ಡಿ, ಹತ್ತು ಜನ ಒಟ್ಟಿಗೆ ಜವಾಬ್ದಾರಿ ಹೊತ್ತರೆ ಬಡ್ಡಿ ಇಳಿಯುತ್ತೆ. ಆ ಸಂಘದ ಗುಟ್ಟು ಅಷ್ಟೇ.

ಆದರೆ ಇದೇ ಗುಂಪಿನ ಜವಾಬ್ದಾರಿ ಉಲ್ಟಾ ಹೊಡೆಯೋದೂ ಉಂಟು. ಮೈಕ್ರೋ ಫೈನಾನ್ಸಿನಲ್ಲಿ ಒಬ್ಬರು ಕಟ್ಟದಿದ್ದರೆ ಉಳಿದ ಒಂಬತ್ತು ಜನ ಅವರ ಮನೆ ಮುಂದೆ ನಿಲ್ಲುತ್ತಾರೆ. ಹತ್ತು ವರ್ಷದ ಗೆಳೆತನ ಒಂದು ವಾರದಲ್ಲಿ ಮುರಿದದ್ದನ್ನ ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಕಂಪನಿಯ ಕಂತು ಕಟ್ಟೋಕೆ ಇನ್ನೊಂದರಲ್ಲಿ ಸಾಲ ತಗೋಬೇಡಿ, ಅಲ್ಲಿಗೆ ಮುಗೀತು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು, ಮೈಕ್ರೋ ಫೈನಾನ್ಸ್ ವಸೂಲಿಯವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡಿ ಕಾಡೋ ಹಾಗಿಲ್ಲ. ಮನೆ ಮುಂದೆ ಬಂದು ಬೈದರೆ, ಹೆದರಿಸಿದರೆ, ಸಾಮಾನು ಎಳೆದರೆ 2025ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಕಾನೂನಿನ ಪ್ರಕಾರ ಅದು ಅಪರಾಧ, ಪೊಲೀಸ್ ಠಾಣೆಗೆ ಹೋಗಬಹುದು. ಒಬ್ಬರೇ ಹೋಗಬೇಡಿ, ಓಣಿಯ ಇಬ್ಬರನ್ನು ಕರೆದುಕೊಂಡು ಹೋಗಿ. ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡೋ ಆ್ಯಪ್‌ಗಳನ್ನು ಮುಟ್ಟಲೇಬೇಡಿ, ಅವು ನಿಮ್ಮ ಫೋನಿನ ನಂಬರುಗಳನ್ನೆಲ್ಲ ತಗೊಂಡು ಬೀಗರಿಗೆ ಫೋನ್ ಮಾಡುತ್ತವೆ.

ಐದು ಮನೆ

ನಮ್ಮ ಐದು ಮನೆ ಹೇಗೆ ಸೇರಿದವು ಅಂದರೆ, ಯಾರೂ ಸಭೆ ಕರೆಯಲಿಲ್ಲ. ನಾನು ಕೊನೆಗೊಂದು ದಿನ ಎದುರು ಮನೆ ವೈನಿ ಮುಂದೆ ಅತ್ತೆ. ಅವರು, "ನಮ್ಮನ್ಯಾಗೂ ಹೊಲಿಯೋ ಕೆಲಸ ಬಂದಿಲ್ಲ ತಂಗಿ, ಎರಡು ತಿಂಗಳಾತು" ಅಂದರು. ಇಬ್ಬರೂ ಅಷ್ಟು ದಿನ ಒಬ್ಬರಿಗೊಬ್ಬರು ಸುಳ್ಳು ಹೇಳುತ್ತಿದ್ದೆವು. ಆಮೇಲೆ ಆಟೋ ಕಾಕಾ ಮನೆ, ಬೇಕರಿಯಲ್ಲಿ ದುಡಿಯೋ ಗಂಡ ಹೆಂಡತಿ, ಮೂಲೆಮನೆಯಲ್ಲಿ ಒಬ್ಬರೇ ಇರೋ ಅಜ್ಜಿ ಸೇರಿದರು. ಐದು ಸಾಕು. ಹದಿನೈದು ಮನೆ ಆದರೆ ಅದು ಸಂಘ ಆಗುತ್ತೆ, ಅಧ್ಯಕ್ಷರು ಬೇಕಾಗುತ್ತಾರೆ, ಅಲ್ಲಿಂದ ಜಗಳ.

ಕೇಳುವಾಗ ಸಣ್ಣದು ಕೇಳಿ, ಚೊಕ್ಕವಾಗಿ ಕೇಳಿ. "ಏನರ ಸಹಾಯ ಮಾಡ್ರಿ" ಅಂದರೆ ಎದುರಿನವರಿಗೆ ಏನು ಮಾಡಬೇಕೋ ತಿಳಿಯಲ್ಲ. "ಗುರುವಾರ ಮಗಳನ್ನ ಶಾಲಿಯಿಂದ ಕರಕೊಂಡು ಬರ್ತೀರೇನ್ರಿ" ಅಂದರೆ ಹೂಂ ಅನ್ನುತ್ತಾರೆ. ಕೊಡೋರಿಗೂ ಅದೇ ಮಾತು. ಕಷ್ಟದಲ್ಲಿರೋರಿಗೆ "ಏನರ ಬೇಕಾದ್ರ ಹೇಳ್ರಿ" ಅಂತ ಬಾಯಿ ಮಾತು ಹೇಳಿ ಬರಬೇಡಿ, ಅವರು ಯಾವತ್ತೂ ಹೇಳೋದಿಲ್ಲ. "ನಾಳೆ ಗಿರಣಿಗೆ ಹೊಂಟೀನಿ, ನಿಮ್ಮ ಜ್ವಾಳಾನೂ ಕೊಡ್ರಿ" ಅನ್ನಿ. ಹಿಟ್ಟು ವಾಪಸ್ ಕೊಡುವಾಗ ಒಂದು ಸೇರು ಜಾಸ್ತಿ ಇದ್ದರೆ ಯಾರು ತೂಕ ಹಾಕುತ್ತಾರೆ?

ಡಬ್ಬಿಯ ನಿಯಮ ನಿಮಗೆಲ್ಲ ಗೊತ್ತು, ಬಂದ ಡಬ್ಬಿಯನ್ನು ಖಾಲಿ ಕಳಿಸಬಾರದು. ಕಷ್ಟದ ಕಾಲದಲ್ಲಿ ಇದೇ ತೊಂದರೆ ಆಗುತ್ತೆ, ತಿರುಗಿ ತುಂಬೋಕೆ ಏನೂ ಇಲ್ಲ ಅಂತ ಜನ ಡಬ್ಬಿ ಇಸ್ಕೊಳ್ಳೋದನ್ನೇ ಬಿಡುತ್ತಾರೆ. ನಾವು ಅದಕ್ಕೆ ಒಂದು ಉಪಾಯ ಮಾಡಿದೆವು. ಕರಿಬೇವಿನ ಎರಡು ಕಡ್ಡಿ ಹಾಕಿ ಕಳಿಸಿದರೂ ಡಬ್ಬಿ ತುಂಬಿದ ಹಾಗೆ. ಅಜ್ಜಿ ಮನೆ ಹಿತ್ತಲಲ್ಲಿ ಕರಿಬೇವಿನ ಗಿಡ ಇದೆ, ಒಂದು ಕಾಲಕ್ಕೆ ಐದೂ ಮನೆಯ ಡಬ್ಬಿಗಳಲ್ಲಿ ಕರಿಬೇವೇ ಓಡಾಡುತ್ತಿತ್ತು. ಆಟೋ ಕಾಕಾ ಮನೆಯಿಂದ ರಮಜಾನ್ ದಿನ ಸುರಕುಂಬಾ ಬಂದಾಗಲೂ ಆ ಡಬ್ಬಿಯಲ್ಲಿ ಹೋದದ್ದು ಕರಿಬೇವು.

ದುಡಿಮೆಯನ್ನು ಮುಯ್ಯಿ ಲೆಕ್ಕದಲ್ಲಿ ಇಟ್ಟುಕೊಳ್ಳಿ, ಹೊಲದಲ್ಲಿ ಮುಯ್ಯಾಳು ಹೋಗ್ತಾರಲ್ಲ ಹಾಗೆ. ವೈನಿ ನಮ್ಮ ಮಗಳ ಯೂನಿಫಾರ್ಮ್ ಹೊಲಿದು ಕೊಟ್ಟರು, ನಾನು ಅವರ ಮಗನಿಗೆ ಸಂಜೆ ಗಣಿತ ಹೇಳಿಕೊಟ್ಟೆ. ನಮ್ಮ ಮನೆಯವರು ಎರಡು ಮನೆಯ ನಲ್ಲಿ, ಫ್ಯಾನು ರಿಪೇರಿ ಮಾಡಿದರು. ಕೆಲಸ ಇಲ್ಲದ ಗಂಡಸು ಮನೆಯಲ್ಲಿ ಸುಮ್ನೆ ಕೂತರೆ ದಿನಕ್ಕೊಂದಿಷ್ಟು ಕುಗ್ಗುತ್ತಾನೆ, ನಾಲ್ಕು ಜನ ಕರೆದು ಕೆಲಸ ಹೇಳಿದರೆ ನೆಟ್ಟಗೆ ನಿಲ್ಲುತ್ತಾನೆ. ಮದುವೆ ಮುಂಜಿಗೆ ನಮ್ಮ ಐದು ಮನೆ ನಡುವೆ ಎರಡು ವರ್ಷ ಆಹೇರಿ ಬಂದ್ ಅಂತ ಮಾತಾಡಿಕೊಂಡೆವು. ಸೀರೆ ಬದಲು ಹಿಂದಿನ ದಿನವೇ ಹೋಗಿ ರೊಟ್ಟಿ ಬಡಿದು ಬರೋದು.

ಭಿಶಿ ಹಾಕೋದಾದರೆ ಹುಷಾರು. ಬೆಂಗಳೂರಿನ ಕಡೆ ಚೀಟಿ ಅಂತಾರಲ್ಲ, ಅದೇ. ಹತ್ತು ಜನ, ತಿಂಗಳಿಗೆ 500, ಒಬ್ಬೊಬ್ಬರಿಗೆ ಒಂದೊಂದು ತಿಂಗಳು 5,000, ಹತ್ತು ತಿಂಗಳಿಗೆ ಮುಕ್ತಾಯ. ಮುಖ ನೋಡಿ ಗೊತ್ತಿರೋರು ಮಾತ್ರ ಇರಲಿ, ಮೊತ್ತ ಸಣ್ಣದಿರಲಿ. ಹೋದರೆ ಅಳಬಹುದು, ಸಾಯುವಷ್ಟು ಇರಬಾರದು. ಹರಾಜು ಬೇಡ, ಕಮಿಷನ್ ಬೇಡ. ರೊಕ್ಕ ಒಬ್ಬರ ಹತ್ತಿರ, ಪುಸ್ತಕ ಇನ್ನೊಬ್ಬರ ಹತ್ತಿರ. ಕಷ್ಟದ ವರ್ಷದಲ್ಲಿ ಚೀಟಿ ಎತ್ತೋದು ಬಿಟ್ಟು ಯಾರಿಗೆ ಅವಸರವೋ ಅವರಿಗೆ ಮೊದಲು ಕೊಡಿ. ನಮ್ಮಲ್ಲಿ ಎರಡನೇ ತಿಂಗಳ ಪಾಳಿ ಬೇಕರಿಯವರದು ಇತ್ತು, ನಮಗೆ ಬಿಟ್ಟುಕೊಟ್ಟರು. ಜಾಸ್ತಿ ಜನ ಇದ್ದೀರಿ, ಮುಂದೆ ಬ್ಯಾಂಕ್ ಸಾಲನೂ ಬೇಕು ಅಂದರೆ ಭಿಶಿ ಬಿಟ್ಟು 10ರಿಂದ 20 ಜನರ ಸ್ವಸಹಾಯ ಸಂಘ ಮಾಡಿ ಬ್ಯಾಂಕಿನಲ್ಲಿ ಖಾತೆ ತೆಗೆಯಿರಿ. ತಪ್ಪದೆ ಸಭೆ, ತಪ್ಪದೆ ಉಳಿತಾಯ, ಒಳಗೊಳಗೇ ಸಾಲ, ಹೊತ್ತಿಗೆ ಸರಿಯಾಗಿ ಮರುಪಾವತಿ, ಸರಿಯಾದ ಪುಸ್ತಕ. ಬ್ಯಾಂಕಿನವರು ನೋಡೋದು ಈ ಐದನ್ನೇ.

ಒಂದು ಮಾತು ಮೆತ್ತಗೆ ಹೇಳಬೇಕು. ಯಾರಾದರೂ "ನಾನು ಇಲ್ಲದಿದ್ರ ನಿಮಗೆಲ್ಲ ಚಲೋ ಆಗತಿತ್ತು" ಅಂತ ಅಂದರೆ ಅದನ್ನು ಸಿಟ್ಟಿನ ಮಾತು ಅಂತ ಬಿಡಬೇಡಿ. ಅವತ್ತು ರಾತ್ರಿ ಅವರನ್ನು ಒಬ್ಬರೇ ಇರೋಕೆ ಬಿಡಬೇಡಿ, ಪಕ್ಕದಲ್ಲಿ ಕೂತು ನೇರವಾಗಿ ಕೇಳಿ. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರು 14416, ಹಗಲು ರಾತ್ರಿ ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನೋ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ಅಲ್ಲಿಗೆ ಹೋಗೋದು ಹುಚ್ಚರು ಮಾತ್ರ ಅನ್ನೋ ಮಾತು ಹಳೇದಾಯಿತು. ನಮ್ಮ ಮನೆಯವರು ಎರಡು ಸಲ ಹೋಗಿ ಬಂದರು, ಆಟೋ ಕಾಕಾ ಜೊತೆಗೆ ಕೂತಿದ್ದರು.

ಕಾಗದ ಪತ್ರ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಆ ಕಾರ್ಡನ್ನು ಕಾಯಿಲೆ ಬರೋ ಮೊದಲೇ ಮಾಡಿಸಿಡಿ. ಮೊದಲು ಹುಬ್ಬಳ್ಳಿಯ ಕಿಮ್ಸ್ (ಈಗ ಅದರ ಹೆಸರು ಕೆಎಂಸಿಆರ್‌ಐ) ತರಹದ ಸರ್ಕಾರಿ ಆಸ್ಪತ್ರೆಗೆ ಹೋಗಿ. ದಿನದ ಮಾತ್ರೆಗೆ ಜನೌಷಧಿ ಅಂಗಡಿ, ಅದೇ ಔಷಧಿ ಬಹಳ ಅಗ್ಗಕ್ಕೆ ಸಿಗುತ್ತೆ. ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ, 436ರ ಜೀವ ವಿಮೆ, ಎರಡರಲ್ಲೂ 2 ಲಕ್ಷ. ಬ್ಯಾಂಕಿನಲ್ಲಿ ಒಂದು ಅರ್ಜಿ ಕೊಟ್ಟರೆ ಖಾತೆಯಿಂದಲೇ ಕಟ್ ಆಗುತ್ತೆ, ಮೇ ಕೊನೆಗೆ ಖಾತೆಯಲ್ಲಿ ಅಷ್ಟು ರೊಕ್ಕ ಇರೋ ಹಾಗೆ ನೋಡಿಕೊಳ್ಳಿ. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಇಷ್ಟು ಯೂನಿಟ್ ಅಂತ ಮಿತಿ ಇದೆ, ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ, ಹಾಗಾಗಿ ಬೇಸಿಗೆಯಲ್ಲಿ ಮೀಟರ್ ಮೇಲೆ ಒಂದು ಕಣ್ಣಿರಲಿ. ಗಾರೆ ಕೆಲಸ, ಸೆಂಟ್ರಿಂಗ್, ಪೇಂಟಿಂಗ್ ಮಾಡೋರು ಲೇಬರ್ ಕಾರ್ಡ್ ಮಾಡಿಸಿ. ಅರ್ಜಿ ತುಂಬೋಕೆ ಬಾರದವರಿಗೆ ಓಣಿಯ ಕಾಲೇಜು ಹುಡುಗರನ್ನು ಹಚ್ಚಿ, ಫೋನ್ ನೋಡುತ್ತಾ ಕೂತಿರ್ತಾವೆ ಹೇಗೂ.

ಕೆಲಸ ಸಿಕ್ಕ ಮೇಲೆ

ಮೊದಲ ಸಂಬಳ ಬಂದ ದಿನ ಎಲ್ಲರಿಗೂ ಒಂದೇ ಸಲ ಕೊಡೋಕೆ ಹೋಗಬೇಡಿ, ಮತ್ತೆ ಹದಿನೈದನೇ ತಾರೀಖಿಗೆ ಕೈ ಖಾಲಿ. ಮೂರು ತಿಂಗಳಿಗೆ ಹಂಚಿ. ನಾವು ಮೊದಲು ಕೊಟ್ಟದ್ದು ಕಿರಾಣಿ ಕಾಕಾಗೆ, ಯಾಕಂದ್ರೆ ಅವರು ನಮ್ಮ ತರಹದ ಇಪ್ಪತ್ತು ಮನೆಗೆ ಉದ್ರಿ ಕೊಟ್ಟು ತಾವೇ ಹೋಲ್‌ಸೇಲ್ ಅಂಗಡಿಗೆ ಸಾಲಗಾರರಾಗಿದ್ದರು. ಆಮೇಲೆ ಬಾಡಿಗೆಯ ಡಿಪಾಜಿಟ್ ತುಂಬಿದೆವು. ಆಮೇಲೆ ಸಂಘದ್ದು. ಬಂಗಾರ ಕೊನೆಗೆ ಬಿಡಿಸಿದೆವು, ಅದರ ಬಡ್ಡಿ ಕಡಿಮೆ.

ಬೇಕರಿಯವರಿಗೆ ಈಗ ಕೆಲಸ ಅರ್ಧಕ್ಕರ್ಧ ಆಗಿದೆ. ಭಿಶಿಯ ಹೊಸ ಪುಸ್ತಕದಲ್ಲಿ ಮೊದಲನೇ ಪಾಳಿ ಅವರದೇ ಬರೆದಿದ್ದೇವೆ. ಹೋದ ವಾರ ನಾನು ಉಸುಳಿ ಹಾಕಿ ಕಳಿಸಿದ ಡಬ್ಬಿ ಇನ್ನೂ ಅವರ ಮನೆಯಲ್ಲೇ ಇದೆ. ಇವತ್ತು ಸಂಜೆ ನಾನೇ ಹೋಗಿ ಕೇಳಿ ತರುತ್ತೇನೆ, ದಾರಿಯಲ್ಲಿ ಅಜ್ಜಿ ಹಿತ್ತಲಿಂದ ಎರಡು ಕಡ್ಡಿ ಕರಿಬೇವು ಮುರಿದುಕೊಂಡು.